ಒಂದು ಇಪ್ಪತ್ತು ಅಂದರೆ ಎಷ್ಟು? ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆಯಲು ಮಂಡ್ಯದಲ್ಲಿ ಕಳೆದ ಎರಡು ತಿಂಗಳು

ಕಳೆದ ವಾರ ಕೆಲಸ ಮುಗಿಯಿತು. ಮಂಡ್ಯ ಹತ್ತಿರದ ಒಂದು ರೈತ ಉತ್ಪಾದಕ ಕಂಪನಿ ಟ್ರ್ಯಾಕ್ಟರ್, ರೋಟವೇಟರ್, ನಾಟಿ ಮಿಷನ್‌ಗಳನ್ನು ಬಾಡಿಗೆಗೆ ಕೊಡುತ್ತದೆ. ರೈತರ ಮೆಸೇಜ್‌ಗೆ ತಾನೇ ಉತ್ತರ ಕೊಟ್ಟು ಅದರ ಬುಕಿಂಗ್ ನೋಡಿಕೊಳ್ಳುವ ಎಐ ಏಜೆಂಟ್ ಮಾಡಿಕೊಟ್ಟೆ. ಜೂನ್ ಮೊದಲ ವಾರ ಶುರು ಮಾಡಿದ್ದು ಜುಲೈ ಕೊನೆಗೆ ಮುಗಿಯಿತು. ಕೋಡ್ ಬರೆಯಲು ಹಿಡಿದದ್ದು ಹತ್ತು ದಿನ. ಮಿಕ್ಕ ಒಂದೂವರೆ ತಿಂಗಳು ಹೋದದ್ದು ಟೂಲ್‌ಗಳ ವಿವರಣೆ ಬರೆಯುವುದಕ್ಕೆ, ಅಳಿಸುವುದಕ್ಕೆ, ಮತ್ತೆ ಬರೆಯುವುದಕ್ಕೆ. ಇದು ಇಷ್ಟು ದೊಡ್ಡ ಕೆಲಸ ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಅದಕ್ಕೇ ಇದೆಲ್ಲ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಟೂಲ್ ಅಂದರೆ ಏನು ಅಂತ ಎರಡು ಮಾತು. ಏಜೆಂಟ್ ಒಳಗೆ ಮಾತು ಅರ್ಥ ಮಾಡಿಕೊಂಡು ಉತ್ತರ ಬರೆಯುವುದು ಚಾಟ್‌ಜಿಪಿಟಿ ಥರದ ಒಂದು ಭಾಷಾ ಮಾದರಿ. ಅದು ತಾನಾಗಿ ರಿಜಿಸ್ಟರ್ ತೆಗೆದು ನೋಡಲಾರದು, ಬುಕಿಂಗ್ ಬರೆಯಲಾರದು. ನಾವು ಅದಕ್ಕೆ ಒಂದು ಪಟ್ಟಿ ಕೊಡುತ್ತೇವೆ. ಪ್ರತಿ ಟೂಲ್‌ಗೂ ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಏನೇನು ಮಾಹಿತಿ ಬೇಕು ಅನ್ನುವ ನಮೂನೆ. ರೈತರ ಮಾತು ಬಂದಾಗ ಮಾದರಿ ಈ ಪಟ್ಟಿ ನೋಡಿ, 'ಈ ಟೂಲ್ ಬೇಕು, ಈ ಮಾಹಿತಿ ತಗೊಳ್ಳಿ' ಅಂತ ಜೇಸನ್ ಅನ್ನುವ, ಕೋಡ್‌ಗೆ ಓದಲು ಬರುವ ರೂಪದಲ್ಲಿ ಬರೆದು ಕೊಡುತ್ತದೆ. ನಿಜವಾಗಿ ಕೆಲಸ ಮಾಡುವುದು ನಮ್ಮ ಕೋಡ್. ಓಪನ್‌ಎಐ 2023ರ ಜೂನ್‌ನಲ್ಲಿ ಇದನ್ನು ಫಂಕ್ಷನ್ ಕಾಲಿಂಗ್ ಅನ್ನುವ ಹೆಸರಲ್ಲಿ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಕಂಪನಿ ಹೊರತಂದ, ಮಾದರಿಗೆ ಟೂಲ್ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನುವ ಪದ್ಧತಿಯಲ್ಲೂ ಟೂಲ್ ಅಂದರೆ ಮುಖ್ಯವಾಗಿ ಇದೇ ಮೂರು: ಹೆಸರು, ವಿವರಣೆ, ನಮೂನೆ. ಟೂಲ್ ಒಳಗಿನ ನಮ್ಮ ಕೋಡ್ ಮಾದರಿಗೆ ಕಾಣುವುದಿಲ್ಲ. ಅಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಅದಕ್ಕೆ ಗೊತ್ತಾಗುವುದು ವಿವರಣೆಯಲ್ಲಿ ಏನಿದೆಯೋ ಅಷ್ಟೇ.

ನಾನು ಮೊದಲ ಸಲ ಬರೆದ ವಿವರಣೆಗಳು ತಲಾ ಒಂದು ಸಾಲು. ಮೈಸೂರಿನ ಮನೆಯಲ್ಲಿ ಕೂತು ಒಂದು ಶನಿವಾರ, ಭಾನುವಾರದಲ್ಲಿ 14 ಟೂಲ್ ಬರೆದು ಮುಗಿಸಿದೆ. 'ಬುಕಿಂಗ್ ಮಾಡುತ್ತದೆ.' 'ಬುಕಿಂಗ್ ವಿವರ ಕೊಡುತ್ತದೆ.' 'ಯಂತ್ರದ ಮಾಹಿತಿ ಕೊಡುತ್ತದೆ.' ನಾನೇ ಪ್ರಶ್ನೆ ಕೇಳಿ ನೋಡಿದೆ, ಎಲ್ಲ ಸರಿ ಬಂತು. ಬರದೆ ಏನು? ಪ್ರಶ್ನೆ ಕೇಳಿದವಳೂ ನಾನೇ, ಟೂಲ್ ಬರೆದವಳೂ ನಾನೇ. ಎರಡರಲ್ಲೂ ಒಂದೇ ಮಾತು ಇತ್ತು.

ಮಂಗಳವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಹೋದೆ. ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುವ ಒಬ್ಬರು ಅಕ್ಕ ಇದ್ದಾರೆ. ಎಂಟು ವರ್ಷದಿಂದ ಅದೇ ಮೇಜು, ಉದ್ದನೆಯ ರಿಜಿಸ್ಟರ್, ಎರಡು ಫೋನು. ಅವರ ಹತ್ತಿರ ಕೂತು ಹಿಂದಿನ ಹಂಗಾಮಿನಲ್ಲಿ ರೈತರು ಹೇಗೆ ಕೇಳಿದ್ದರೋ ಹಾಗೇ 60 ಪ್ರಶ್ನೆ ಬರೆದುಕೊಂಡೆ. ಅವನ್ನು ಒಂದೊಂದಾಗಿ ಏಜೆಂಟ್‌ಗೆ ಕೊಟ್ಟೆ. ಸರಿಯಾದ ಟೂಲ್, ಸರಿಯಾದ ಮಾಹಿತಿ ಎರಡೂ ಹೊಂದಿದ್ದು 29ಕ್ಕೆ ಮಾತ್ರ. ಅವತ್ತು ವಾಪಸ್ ರೈಲಿನಲ್ಲಿ ಕೂತಾಗ ಹೊಟ್ಟೆಯಲ್ಲಿ ಸಂಕಟ. ಮಾದರಿಯನ್ನೇ ಬದಲಾಯಿಸಲಾ, ಇದಕ್ಕಿಂತ ದುಬಾರಿಯದನ್ನು ತಗೊಳ್ಳಲಾ ಅಂತ ಯೋಚಿಸಿದೆ. ಒಂದು ದಿನ ದುಬಾರಿಯದನ್ನೂ ಹಾಕಿ ನೋಡಿದೆ. ಮೂರು ಉತ್ತರ ಸುಧಾರಿಸಿದವು, ಅಷ್ಟೇ. ನೀವು ಇದೇ ಹಂತದಲ್ಲಿ ಇದ್ದರೆ ಮಾದರಿ ಬದಲಿಸಲು ದುಡ್ಡು ಹಾಕಬೇಡಿ. ಮೊದಲು ತಪ್ಪಿದ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ.

ಬಿಡಿಸಿ ನೋಡಿದಾಗ ಮೊದಲು ಸಿಕ್ಕಿದ್ದು ಇದು. ಒಬ್ಬರು ರೈತರು ವಾಯ್ಸ್ ಮೆಸೇಜ್‌ನಲ್ಲಿ, 'ನಾಟಿ ಮಿಷನ್ ಬೇಕಿತ್ತು, ಒಂದು ಇಪ್ಪತ್ತು ಐತೆ' ಅಂದಿದ್ದರು. ದನಿಯನ್ನು ಬರಹಕ್ಕೆ ಇಳಿಸುವ ತಂತ್ರಾಂಶ ಅದನ್ನು 1.20 ಅಂತ ಬರೆದುಕೊಂಡಿತು. ನನ್ನ ನಮೂನೆಯಲ್ಲಿ 'ವಿಸ್ತೀರ್ಣ, ಎಕರೆಯಲ್ಲಿ' ಅಂತ ಒಂದೇ ಅಂಕಣ ಇತ್ತು. ಏಜೆಂಟ್ ಅಲ್ಲಿ 1.2 ಎಕರೆ ಅಂತ ತುಂಬಿತು. ಮೊದಲು ನಾನು ಅದನ್ನು ಸರಿ ಅಂತಲೇ ಅಂದುಕೊಂಡಿದ್ದೆ. ಅಕ್ಕ ಪರದೆ ನೋಡಿ, 'ಇದ್ಯಾಕವ್ವ ಇಂಗೆ? ಅದು ಒಂದೆಕರೆ ಇಪ್ಪತ್ತು ಗುಂಟೆ ಕಣವ್ವ, ಒಂದೂವರೆ ಎಕರೆ' ಅಂದರು. ಡ್ರಾಯರ್‌ನಿಂದ ಒಂದು ಪಹಣಿ ಪ್ರತಿ ತೆಗೆದು ವಿಸ್ತೀರ್ಣದ ಕಾಲಂ ಮೇಲೆ ಬೆರಳಿಟ್ಟರು. ಅಲ್ಲೂ ಹಾಗೇ: ಮೊದಲು ಎಕರೆ, ಚುಕ್ಕಿ, ಆಮೇಲೆ ಗುಂಟೆ.

ಒಂದು ಎಕರೆಗೆ 40 ಗುಂಟೆ. 1.20 ಅಂದರೆ ಒಂದೂವರೆ ಎಕರೆ. ಏಜೆಂಟ್ ಅಂದುಕೊಂಡದ್ದು ಒಂದು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ವ್ಯತ್ಯಾಸ. ಲೆಕ್ಕಕ್ಕೆ ಎಕರೆಗೆ 4,000 ರೂಪಾಯಿ ಅಂತ ಇಟ್ಟುಕೊಂಡರೂ 1,200 ರೂಪಾಯಿ ತಪ್ಪು. ದುಡ್ಡಿಗಿಂತ ದೊಡ್ಡದು ಪೈರಿನ ಲೆಕ್ಕ. ನಾಟಿ ಮಿಷನ್‌ಗೆ ಟ್ರೇನಲ್ಲಿ ಬೆಳೆಸಿದ ಪೈರು ಬೇಕು. ಎಷ್ಟು ಟ್ರೇ ಅನ್ನುವುದು ವಿಸ್ತೀರ್ಣದ ಮೇಲೆ. 1.2ಕ್ಕೆ ಲೆಕ್ಕ ಹಾಕಿದ್ದರೆ ಪೈರು ಸಾಲದೆ ಮಿಷನ್ ಗದ್ದೆ ಮಧ್ಯದಲ್ಲೇ ನಿಲ್ಲುತ್ತಿತ್ತು.

ಮೊದಲು ನಾನು ವಿವರಣೆಯಲ್ಲಿ ಬರೆದೆ: '1.20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ, ದಶಮಾಂಶ ಅಲ್ಲ.' ಬಹಳಷ್ಟು ಸಲ ಸರಿ ಬಂತು. ಆದರೂ ಹತ್ತರಲ್ಲಿ ಒಂದು ಸಲ ಜಾರುತ್ತಿತ್ತು. ಆಮೇಲೆ ನಮೂನೆಯನ್ನೇ ಬದಲಾಯಿಸಿದೆ. ಒಂದು ಅಂಕಣ ತೆಗೆದು ಎರಡು ಮಾಡಿದೆ: 'ಎಕರೆ', ಪೂರ್ಣ ಸಂಖ್ಯೆ. 'ಗುಂಟೆ', ಪೂರ್ಣ ಸಂಖ್ಯೆ, 0ಯಿಂದ 39ರವರೆಗೆ. ಈಗ ಚುಕ್ಕಿ ಇಡಲು ಜಾಗವೇ ಇಲ್ಲ. ಅವತ್ತಿಂದ ಆ ತಪ್ಪು ಒಂದು ಸಲವೂ ಬಂದಿಲ್ಲ. ಈ ಎರಡು ತಿಂಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಯಾವುದನ್ನಾದರೂ 'ಹೀಗೆ ಮಾಡಬೇಡ' ಅಂತ ಬರೆಯಲು ಹೊರಟರೆ, ಹಾಗೆ ಮಾಡಲು ಆಗದಂಥ ನಮೂನೆ ಮಾಡಬಹುದಾ ಅಂತ ಮೊದಲು ನೋಡಿ.

ಯಂತ್ರದ ಹೆಸರಿಗೂ ಹೀಗೇ ಮಾಡಿದೆ. ಸುಮ್ನೆ ಖಾಲಿ ಜಾಗ ಬಿಟ್ಟಿದ್ದರಿಂದ ಏಜೆಂಟ್ ಒಮ್ಮೆ 'ಟ್ರ್ಯಾಕ್ಟರ್', ಒಮ್ಮೆ 'ಗಾಡಿ', ಒಮ್ಮೆ 'ರೋಟರಿ' ಅಂತ ತುಂಬುತ್ತಿತ್ತು. ಈಗ ಇಂತಿಷ್ಟೇ ಅಂತ ಆರು ಆಯ್ಕೆ ಕೊಟ್ಟಿದ್ದೇನೆ. ಪ್ರತಿಯೊಂದರ ಪಕ್ಕ ರೈತರು ಅದಕ್ಕೆ ಏನೇನು ಅನ್ನುತ್ತಾರೆ ಅಂತ ಕನ್ನಡದಲ್ಲೇ ಬರೆದಿದ್ದೇನೆ. 'ಗಾಡಿ' ಅಂದರೆ ಯಾವುದು ಅಂತ ಕೇಳಬೇಕು, ಊಹಿಸಬಾರದು ಅಂತಲೂ ಹಾಕಿದ್ದೇನೆ. ಯಾಕೆಂದರೆ ನಾಟಿ ಸಮಯದಲ್ಲಿ 'ಗಾಡಿ ಕಳ್ಸಿ' ಅಂದರೆ ಅದು ಉಳುಮೆಗೋ ನಾಟಿಗೋ ಅಂತ ಅಕ್ಕನೂ ಕೇಳಿಯೇ ತಿಳಿದುಕೊಳ್ಳುತ್ತಾರೆ.

ಇಷ್ಟರಲ್ಲಿ ಜೂನ್ ಮುಗಿಯಿತು. ನಡುವೆ ದರಪಟ್ಟಿಗೆ ಒಂಬತ್ತು ದಿನ ಕಾದೆ. ಆಫೀಸಿನಲ್ಲಿ ಎರಡು ದರಪಟ್ಟಿ ಇದ್ದವು. ಗೋಡೆ ಮೇಲಿನದ್ದು ಹಳೇದು, ರಿಜಿಸ್ಟರ್ ಒಳಗಿನದ್ದು ಹೊಸದು, ಎರಡಕ್ಕೂ ಸಹಿ ಇತ್ತು. ನಿರ್ದೇಶಕರ ಸಭೆ ಆಗುವವರೆಗೆ ಯಾವುದು ಅಂತ ಯಾರೂ ಹೇಳಲಿಲ್ಲ. ನೀವು ಇಂಥ ಕೆಲಸ ಹಿಡಿದರೆ ಮೊದಲ ದಿನವೇ ಈ ಕಾಗದಗಳನ್ನು ಕೇಳಿ: ಚಾಲ್ತಿಯಲ್ಲಿರುವ ದರಪಟ್ಟಿ, ಹಿಂದಿನ ಹಂಗಾಮಿನ ಬುಕಿಂಗ್ ರಿಜಿಸ್ಟರ್, ಯಂತ್ರಗಳ ಪಟ್ಟಿ, ಯಾವ ಊರಿಗೆ ಯಾವ ಚಾಲಕ ಅನ್ನುವ ಪಟ್ಟಿ. ರದ್ದಾದ ಬುಕಿಂಗ್‌ಗಳನ್ನು ಮರೆಯದೆ ಕೇಳಿ. ಯಾಕೆ ರದ್ದಾಯಿತು ಅಂತ ಓದಿದರೆ ಅರ್ಧ ವಿವರಣೆ ಅಲ್ಲೇ ಸಿಗುತ್ತದೆ.

ಜುಲೈ ಮೊದಲ ವಾರ ಆದದ್ದನ್ನು ಬರೆಯಲು ಈಗಲೂ ಬೇಜಾರು. ಪರೀಕ್ಷೆಗೆ ಅಂತ ಏಜೆಂಟ್ ಅನ್ನು ನಿಜವಾದ ಬುಕಿಂಗ್ ಪಟ್ಟಿಗೇ ಜೋಡಿಸಿದ್ದೆ. ಒಬ್ಬರು, 'ಗುರುವಾರ ನಾಟಿ ಮಿಷನ್ ಸಿಗ್ತದಾ?' ಅಂತ ಕೇಳಿದರು. ಅವರು ಕೇಳಿದ್ದು ಅಷ್ಟೇ. ಏಜೆಂಟ್ ಗುರುವಾರವನ್ನು ಅವರ ಹೆಸರಿಗೆ ಬುಕ್ ಮಾಡಿಬಿಟ್ಟಿತು. ಯಾಕೆಂದರೆ 'ಬುಕಿಂಗ್ ಮಾಡುತ್ತದೆ' ಅನ್ನುವ ಒಂದು ಸಾಲಿನಲ್ಲಿ ಯಾವಾಗ ಮಾಡಬೇಕು, ಯಾವಾಗ ಮಾಡಬಾರದು ಅಂತ ಇರಲಿಲ್ಲ. ಆಮೇಲೆ ಬಂದ ಇನ್ನೊಬ್ಬ ರೈತರಿಗೆ ಅಕ್ಕ ಪಟ್ಟಿ ನೋಡಿ 'ಗುರುವಾರ ಇಲ್ಲ' ಅಂದರು. ಅವರಿಗೆ ಮಿಷನ್ ಸಿಕ್ಕಿದ್ದು ಶನಿವಾರ. ಟ್ರೇ ಪೈರು 15ರಿಂದ 18 ದಿನಕ್ಕೆ ನಾಟಿ ಆಗಬೇಕು, ಅವರದು ಆಗಲೇ ಬಲಿತಿತ್ತು. ನಾಲೆಗೆ ನೀರು ಬಿಟ್ಟ ಮೇಲೆ ಎಲ್ಲರಿಗೂ ಒಂದೇ ಸಲ ಮಿಷನ್ ಬೇಕು. ಎರಡು ದಿನ ಅಂದರೆ ಅವರಿಗೆ ಸಣ್ಣ ಮಾತಲ್ಲ.

ನಾನು ಅವರ ಗದ್ದೆ ಹತ್ತಿರ ಹೋಗಿ ತಪ್ಪು ನನ್ನದು ಅಂತ ಹೇಳಿದೆ. 'ಬುಡವ್ವ, ನೀನೇನ್ ಬೇಕಂತ ಮಾಡಿದ್ಯಾ? ಆದ್ರೆ ಪೈರು ಕಾಯಕಿಲ್ಲ ಕಣವ್ವ' ಅಂದರು. ಆ ರಾತ್ರಿ ಬೇರೆ ಪ್ರತಿ ಮಾಡಿ, ಪರೀಕ್ಷೆ ಎಲ್ಲ ಅದರ ಮೇಲೆ ಮಾತ್ರ ಅಂತ ಬದಲಾಯಿಸಿದೆ. ದಯವಿಟ್ಟು ನೀವು ಇದನ್ನು ಮೊದಲ ದಿನವೇ ಮಾಡಿ.

ವಿವರಣೆಯನ್ನು ಹೀಗೆ ಬರೆದೆ: 'ಒಂದು ಯಂತ್ರವನ್ನು ಒಂದು ದಿನಕ್ಕೆ ರೈತರ ಹೆಸರಲ್ಲಿ ಕಾಯ್ದಿರಿಸುತ್ತದೆ. ಇದನ್ನು ಬಳಸಿದ ಕೂಡಲೇ ಆ ಯಂತ್ರ ಬೇರೆಯವರಿಗೆ ಸಿಗುವುದಿಲ್ಲ. ರೈತರು ದಿನ, ವಿಸ್ತೀರ್ಣ, ದರ ಮೂರನ್ನೂ ಕೇಳಿಸಿಕೊಂಡು ಆಗಲಿ ಅಂದ ಮೇಲೆ ಮಾತ್ರ ಬಳಸು. ಸಿಗುತ್ತದಾ, ಖಾಲಿ ಇದೆಯಾ, ಎಷ್ಟಾಗುತ್ತದೆ ಅಂತ ಕೇಳಿದರೆ ಇದನ್ನು ಬಳಸಬೇಡ, ಲಭ್ಯತೆ ನೋಡುವ ಟೂಲ್ ಬಳಸು.' ನಾಲ್ಕೇ ವಾಕ್ಯ. ಏನು ಮಾಡುತ್ತದೆ, ಮಾಡಿದರೆ ಏನಾಗುತ್ತದೆ, ಯಾವಾಗ ಬೇಕು, ಯಾವಾಗ ಬೇಡ. ಪ್ರತಿ ಟೂಲ್‌ಗೆ ಕನಿಷ್ಠ ಮೂರು ನಾಲ್ಕು ವಾಕ್ಯ ಬರೆಯಿರಿ ಅಂತ ಆಂಥ್ರಾಪಿಕ್‌ನ ಕೈಪಿಡಿಯಲ್ಲೂ ಇದೆ. ನಾನು ಅದನ್ನು ಓದಿದ್ದೆ, ಆದರೆ ಅದರ ಬೆಲೆ ಗೊತ್ತಾದದ್ದು ಆ ಗದ್ದೆ ಬದುವಿನ ಮೇಲೆ ನಿಂತಾಗ.

ಬರಹ ಒಂದನ್ನೇ ನಂಬಿ ಕೂರಲೂ ಇಲ್ಲ. ಲಭ್ಯತೆ ನೋಡುವ ಟೂಲ್ ಈಗ ಒಂದು ಚೀಟಿ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಇಲ್ಲದೆ ಬುಕಿಂಗ್ ಟೂಲ್ ಕೆಲಸವೇ ಮಾಡುವುದಿಲ್ಲ. ಜೊತೆಗೆ, ಬುಕಿಂಗ್ ಕೋರಿಕೆ ಬಂದ ತಕ್ಷಣ ರೈತರ ಫೋನಿಗೆ 'ಆಗಲಿ', 'ಬೇಡ' ಅನ್ನುವ ಎರಡು ಗುಂಡಿ ಹೋಗುತ್ತದೆ. ಅವರು 'ಆಗಲಿ' ಒತ್ತಿದ ಮೇಲೆ ನಮ್ಮ ಕೋಡ್ ಪಟ್ಟಿಗೆ ಬರೆಯುತ್ತದೆ. ಯಾರಿಗಾದರೂ ನಷ್ಟ ಆಗುವಂಥ ಕೆಲಸಕ್ಕೆ ವಿವರಣೆಯ ಜೊತೆಗೆ ಕೋಡ್‌ನಲ್ಲೂ ಒಂದು ಅಗುಳಿ ಇರಬೇಕು.

ಆ ಘಟನೆಯಿಂದ ಹೆದರಿ ನಾನು ಇನ್ನೊಂದು ತುದಿಗೆ ಹೋದೆ. ಪ್ರತಿ ಟೂಲ್‌ಗೂ ಒಂದೊಂದು ಪುಟ. ಎಲ್ಲ ಕಡೆ 'ಕಡ್ಡಾಯ', 'ಎಚ್ಚರ', 'ಯಾವ ಕಾರಣಕ್ಕೂ'. ಏಜೆಂಟ್ ಬುಕ್ ಮಾಡುವುದನ್ನೇ ನಿಲ್ಲಿಸಿತು. ರೈತರು ಸರಿ ಅಂದ ಮೇಲೂ ಇನ್ನೊಂದು ಸಲ, ಮತ್ತೊಂದು ಸಲ ಕೇಳುತ್ತಿತ್ತು. ಎಲ್ಲವೂ ಎಚ್ಚರಿಕೆ ಆದರೆ ಯಾವುದು ನಿಜಕ್ಕೂ ಮುಖ್ಯ ಅಂತ ಗೊತ್ತಾಗುವುದಾದರೂ ಹೇಗೆ? ಖರ್ಚೂ ಏರಿತು. ವಿವರಣೆಗಳು ಪ್ರತಿ ಪ್ರಶ್ನೆಯ ಜೊತೆಗೂ ಮಾದರಿಗೆ ಹೋಗುತ್ತವೆ, ಪ್ರತಿ ಸಲವೂ ಟೋಕನ್ (ಮಾದರಿ ಬರಹವನ್ನು ಒಡೆದುಕೊಳ್ಳುವ ತುಣುಕು, ಬಿಲ್ ಅದರ ಮೇಲೆ) ಲೆಕ್ಕ ಓಡುತ್ತದೆ. ಅದೇ ವಿಷಯವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ಹಿಡಿಯುತ್ತದೆ. ಆಮೇಲೆ ನಾನು ವಿವರಣೆಯ ವಾಕ್ಯಗಳನ್ನು ಇಂಗ್ಲಿಷ್‌ನಲ್ಲಿ ಇಟ್ಟೆ. ರೈತರ ಬಾಯಲ್ಲಿ ಬರುವ ಪದಗಳನ್ನು ಮಾತ್ರ ಕನ್ನಡದಲ್ಲೇ ಉಳಿಸಿದೆ. 'ನಾಡಿದ್ದು', 'ಗುಂಟೆ', 'ಕಟ್ಟು ನೀರು' ಇವನ್ನು ಇಂಗ್ಲಿಷ್‌ಗೆ ತಿರುಗಿಸಿದರೆ ಹೊಂದಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಕಟ್ಟು ನೀರಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ಕಡೆ ನೀರು ಕಡಿಮೆ ಇದ್ದಾಗ ಕೆಲವು ದಿನ ನೀರು ಬಿಟ್ಟು, ಕೆಲವು ದಿನ ನಿಲ್ಲಿಸುತ್ತಾರೆ, ಅದೇ ಕಟ್ಟು ನೀರು. ರೈತರು 'ಕಟ್ಟು ನೀರು ಬಂದ ಮಾರನೇ ದಿನ ಕಳ್ಸಿ' ಅನ್ನುತ್ತಾರೆ. ಅದು ತಾರೀಖಲ್ಲ. ಆದರೆ ನಮೂನೆಯಲ್ಲಿ ತಾರೀಖು ಕಡ್ಡಾಯ ಇತ್ತು, ಹಾಗಾಗಿ ಏಜೆಂಟ್ ಒಂದು ತಾರೀಖನ್ನು ತಾನೇ ಹುಟ್ಟಿಸಿತು. ಈಗ 'ರೈತರು ತಾರೀಖು ಹೇಳದಿದ್ದರೆ ಊಹಿಸಬೇಡ, ಕೇಳು' ಅಂತ ಬರೆದಿದ್ದೇನೆ. ನೀರಿಗೆ ಕಾಯುವವರನ್ನು ಬೇರೆ ಪಟ್ಟಿಗೆ ಸೇರಿಸುವ ಒಂದು ಟೂಲ್ ಕೂಡ ಮಾಡಿದೆ. ಇವತ್ತು ಯಾವ ತಾರೀಖು ಅಂತ ಮಾದರಿಗೆ ತಾನಾಗಿ ಗೊತ್ತಿರುವುದಿಲ್ಲ. ಅದನ್ನು ಪ್ರತಿ ಸಲ ನಾವೇ ಕೊಡಬೇಕು, ವಾರದ ಹೆಸರಿನ ಸಮೇತ.

ಟೂಲ್‌ಗಳ ಸಂಖ್ಯೆ 14ರಿಂದ 8ಕ್ಕೆ ಇಳಿಯಿತು. ಉದಾಹರಣೆಗೆ, 'ಬುಕಿಂಗ್ ವಿವರ', 'ಬುಕಿಂಗ್ ಸ್ಥಿತಿ', 'ರೈತರ ಬುಕಿಂಗ್‌ಗಳು' ಅಂತ ಮೂರು ಇದ್ದವು. ಅವುಗಳ ವ್ಯತ್ಯಾಸ ನನಗೇ ಒಂದು ವಾಕ್ಯದಲ್ಲಿ ಹೇಳಲು ಬರಲಿಲ್ಲ. ಮೂರನ್ನೂ ಒಂದು ಮಾಡಿದೆ.

ತಪ್ಪು ಆದಾಗ ಟೂಲ್ ಏನು ಹೇಳುತ್ತದೆ ಅನ್ನುವುದೂ ವಿವರಣೆಯ ಭಾಗವೇ ಅಂತ ನನಗೆ ತಡವಾಗಿ ಹೊಳೆಯಿತು. ಊರಿನ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ನನ್ನ ಕೋಡ್ ಖಾಲಿ ಉತ್ತರ ಕೊಡುತ್ತಿತ್ತು. ಏಜೆಂಟ್ ಅದನ್ನು ನೋಡಿ 'ನಿಮ್ಮ ಊರಿಗೆ ಯಂತ್ರ ಇಲ್ಲ' ಅಂತ ರೈತರಿಗೆ ಹೇಳುತ್ತಿತ್ತು. ಇದ್ದದ್ದು ಕಾಗುಣಿತದ ವ್ಯತ್ಯಾಸ ಮಾತ್ರ. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ? ನಮ್ಮ ಕಡೆ ಆ ಹೆಸರಿನ ಊರು ಒಂದೆರಡಲ್ಲ. ಈಗ ಟೂಲ್ ಹೀಗೆ ಹೇಳುತ್ತದೆ: 'ಈ ಹೆಸರಿನ ಊರು ಒಂದಕ್ಕಿಂತ ಹೆಚ್ಚು ಇವೆ. ಯಾವ ಹೋಬಳಿ ಅಂತ ರೈತರನ್ನು ಕೇಳು.' ಏಜೆಂಟ್ ಅದನ್ನು ಓದಿ ಹೋಬಳಿ ಕೇಳುತ್ತದೆ. ಎರಡು ಸಾಲಿನ ಬದಲಾವಣೆ, ಆದರೆ ಐದು ಪ್ರಶ್ನೆ ಇದೊಂದರಿಂದಲೇ ಸರಿಹೋದವು.

ಜುಲೈ ಮಧ್ಯದಲ್ಲಿ ಒಂದು ಉಪಾಯ ಮಾಡಿದೆ. ಎಂಟೂ ವಿವರಣೆಗಳನ್ನು ಕನ್ನಡದಲ್ಲಿ ಪ್ರಿಂಟ್ ತೆಗೆದು, ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗನ ಕೈಗೆ ಕೊಟ್ಟೆ. 'ಅಕ್ಕನ್ನ ಏನೂ ಕೇಳಬೇಡ. ಇದನ್ನ ಓದ್ಕೊಂಡು, ಪ್ರತಿ ಪ್ರಶ್ನೆಗೆ ಯಾವ ಟೂಲ್, ಏನು ತುಂಬಬೇಕು ಅಂತ ಬರಿ' ಅಂದೆ. ಅವನು ಏಳು ಕಡೆ ಪೆನ್ನು ನಿಲ್ಲಿಸಿದ. ಅದರಲ್ಲಿ ಐದು ಕಡೆ ಏಜೆಂಟ್ ಕೂಡ ತಪ್ಪುತ್ತಿತ್ತು. 'ಅಕ್ಕಾ, ಮುಂಗಡ ಕೊಟ್ಟಿಲ್ಲ ಅಂದ್ರೆ ಬುಕಿಂಗ್ ಆದಂಗೋ ಇಲ್ವೋ?' ಅಂತ ನನ್ನನ್ನು ಕೇಳಿದ. ನಾನು ಎಲ್ಲೂ ಬರೆದಿರಲಿಲ್ಲ. ಮೇಜಿನ ಆಚೆಯಿಂದ ಅಕ್ಕ, 'ನಮ್ ಸದಸ್ಯರಾದ್ರೆ ಆಯ್ತದೆ, ಹೊರಗಿನವರಾದ್ರೆ ಮುಂಗಡ ಬೇಕು' ಅಂದರು. ಎಂಟು ವರ್ಷದಿಂದ ನಡೆದುಕೊಂಡು ಬಂದಿರುವ ನಿಯಮ, ಯಾವ ಕಾಗದದಲ್ಲೂ ಇಲ್ಲ. ಅವರ ತಲೆಯಲ್ಲಿ ಮಾತ್ರ ಇತ್ತು. ಇಂಥವು ಆಮೇಲೆ ಇನ್ನೂ ಹನ್ನೊಂದು ಸಿಕ್ಕವು. ಅವನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದೆ.

60 ಪ್ರಶ್ನೆಗಳಲ್ಲಿ 20ನ್ನು ಆ ಮೊದಲ ದಿನದ ಪರೀಕ್ಷೆ ಆದ ಮೇಲೆ ಮುಟ್ಟದೆ ಎತ್ತಿಟ್ಟಿದ್ದೆ. ನೀವೂ ಹಾಗೇ ಮಾಡಿ. ಇಲ್ಲದಿದ್ದರೆ ನಮ್ಮ ವಿವರಣೆ ಆ ಪ್ರಶ್ನೆಗಳಿಗೆ ಮಾತ್ರ ಒಗ್ಗಿಕೊಂಡುಬಿಡುತ್ತದೆ, ಹೊಸದಕ್ಕೆ ಎಡವುತ್ತದೆ. ಕೊನೆಯ ವಾರ ಆ 20ನ್ನು ಕೊಟ್ಟಾಗ 18 ಸರಿ ಬಂದವು. ತಪ್ಪಿದ ಎರಡರಲ್ಲಿ ಒಂದು, ಒಂದೇ ಮಾತಿನಲ್ಲಿ ಅಣ್ಣನ ಗದ್ದೆ ತಮ್ಮನ ಗದ್ದೆ ಎರಡಕ್ಕೂ ಕೇಳಿದ್ದು. ಇನ್ನೊಂದು, ಹಿಂದಿನ ವರ್ಷದ ಬಾಕಿ ಬಗ್ಗೆ. ಎರಡನ್ನೂ ಸದ್ಯಕ್ಕೆ ಅಕ್ಕನಿಗೇ ಕಳಿಸುವಂತೆ ಮಾಡಿದ್ದೇನೆ.

ಖರ್ಚು ಹೇಳಬೇಕು. ಎರಡು ತಿಂಗಳಿಗೆ ಮಾದರಿಯ ಬಿಲ್ 3,800 ರೂಪಾಯಿ ಆಯಿತು. ಅದರಲ್ಲಿ ಹೆಚ್ಚಿನದು ಪರೀಕ್ಷೆಗಳಿಗೆ ಮತ್ತು ಆ ಪುಟಗಟ್ಟಲೆ ವಿವರಣೆ ಇದ್ದ ಹತ್ತು ದಿನಕ್ಕೆ. ಮೈಸೂರಿನಿಂದ ಮಂಡ್ಯಕ್ಕೆ 17 ಸಲ ಓಡಾಡಿದೆ. ರೈಲಿನ ಖರ್ಚು ದೊಡ್ಡದಲ್ಲ, ಹೋದದ್ದು ದಿನಗಳು. ನಾನು ಒಂದು ತಿಂಗಳ ಕೆಲಸ ಅಂತ ದುಡ್ಡು ಮಾತಾಡಿದ್ದೆ. ವಿವರಣೆ ಬರೆಯುವುದನ್ನು ಬೇರೆ ಕೆಲಸ ಅಂತಲೇ ಲೆಕ್ಕ ಹಿಡಿದು ಮಾತಾಡಿ, ಆಫೀಸಿನವರ ಜೊತೆ ಕೂರುವ ದಿನಗಳನ್ನೂ ಸೇರಿಸಿ.

ಕಳೆದ ಗುರುವಾರ ಒಂದು ವಾಯ್ಸ್ ಮೆಸೇಜ್ ಬಂತು. ನಾನು, ಅಕ್ಕ, ಆ ಹುಡುಗ ಮೂವರೂ ಪರದೆ ನೋಡುತ್ತಾ ಕೂತಿದ್ದೆವು. 'ಎರಡು ಹತ್ತು ಐತೆ, ನಾಡಿದ್ದು ನಾಟಿ ಮಿಷನ್ ಬೇಕು.' ಏಜೆಂಟ್ ಉತ್ತರ ಬರೆಯಿತು: 'ಎರಡು ಎಕರೆ ಹತ್ತು ಗುಂಟೆ, ಶನಿವಾರ, ನಾಟಿ ಮಿಷನ್. ಸರೀನಾ?' ಕೆಳಗೆ ದರ, ಎರಡು ಗುಂಡಿ. ಒಂದು ನಿಮಿಷ ಏನೂ ಬರಲಿಲ್ಲ. ಆಮೇಲೆ 'ಆಗಲಿ' ಬಂತು. ಅಕ್ಕ ಕನ್ನಡಕ ಸರಿ ಮಾಡಿಕೊಂಡು, ರಿಜಿಸ್ಟರ್ ತೆಗೆದು ಅದನ್ನು ತಮ್ಮ ಕೈಯಲ್ಲೂ ಒಂದು ಸಲ ಬರೆದುಕೊಂಡರು. ನವೆಂಬರ್‌ಗೆ ಕಟಾವು ಮಿಷನ್ ಸೇರಿಸಬೇಕು. ಅದಕ್ಕೆ ಗಂಟೆ ಲೆಕ್ಕ, ಎಕರೆ ಅಲ್ಲ. ರೈತರು ಅದನ್ನು ಹೇಗೆಲ್ಲ ಕೇಳುತ್ತಾರೆ ಅಂತ ಅಕ್ಕ ರಿಜಿಸ್ಟರ್‌ನ ಹಿಂದಿನ ಪುಟದಲ್ಲಿ ಆಗಲೇ ಪಟ್ಟಿ ಶುರು ಮಾಡಿದ್ದಾರೆ.